ಎಂಟಾಣೆ ಶಾಂಪೂ, ಬಲಗೈ ರೂಲು ಮತ್ತು ಒಂದು ಮೆಂಬರ್‌ಶಿಪ್ ಅರ್ಜಿ

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಇದ್ದೋರು ಓದಿ.

ಹೋದ ಭಾನುವಾರ ನಮ್ಮ ಸಂಘಟನೆಯ ಹಳೇ ಸಂಗಾತಿಯೊಬ್ಬರ ಮಗಳು ಫೋನ್ ಮಾಡಿದ್ಲು. ಹೆಸರು ಬೇಡ. ಎಂಬಿಎ ಮುಗಿಸಿ ಮೂರು ವರ್ಷದಿಂದ ಬೆಂಗಳೂರಿನ ಒಂದು ಮಾರ್ಕೆಟ್ ರಿಸರ್ಚ್ ಕಂಪನಿಯಲ್ಲಿದ್ದಾಳೆ. ಜನ ಏನು ಕೊಳ್ತಾರೆ, ಯಾಕೆ ಕೊಳ್ತಾರೆ, ಮುಂದಿನ ವರ್ಷ ಯಾವ ಕಡೆ ವಾಲ್ತಾರೆ ಅಂತ ಲೆಕ್ಕ ಹಾಕಿ ಕಂಪನಿಗಳಿಗೆ ಹೇಳೋ ಕೆಲಸ. ಆ ವೃತ್ತಿಯೋರದ್ದೇ ಒಂದು ಸಂಘ ಇದೆ. ಅದಕ್ಕೆ ಸೇರಬೇಕೋ ಬೇಡವೋ ಅನ್ನೋದು ಅವಳ ಪ್ರಶ್ನೆ. "ಚಿಕ್ಕಪ್ಪ, ಫೀಸು ನನ್ನ ಪಿಜಿ ಬಾಡಿಗೆಯಷ್ಟಿದೆ. ಅದು ಹೆಂಗೋ ಆಗುತ್ತೆ. ಆದ್ರೆ ಅರ್ಜಿ ಮೇಲೆ ಇಬ್ಬರು ಹಳೇ ಮೆಂಬರ್‌ಗಳ ಸಹಿ ಬೇಕಂತೆ. ನನಗೆ ಅಲ್ಲಿ ಯಾರೂ ಗೊತ್ತಿಲ್ಲ. ಕೇಳೋಕೆ ಹೋದ್ರೆ ಮೊದಲು ಊರು ಕೇಳ್ತಾರೆ, ಆಮೇಲೆ ಸರ್‌ನೇಮ್ ಕೇಳ್ತಾರೆ. ಅಪ್ಪ ಬೇಡ ಅಂತಿದಾರೆ. ನೀವೇನಂತೀರಾ?"

ತಕ್ಷಣ ಉತ್ತರ ಕೊಡೋಕೆ ಆಗಲಿಲ್ಲ. ಯೋಚಿಸಿ ಹೇಳ್ತೀನಿ ಕಣವ್ವ ಅಂದೆ. ಸಂಜೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ, ಅವಳ ಗುರುತು ಸಿಗದ ಹಾಗೆ ವಿಷಯ ಹಾಕಿದೆ. ಉತ್ತರಗಳು ಬಂದವು ನೋಡಿ. "ಬಂಡವಾಳಶಾಹಿಗಳ ಕ್ಲಬ್ಬಲ್ಲಿ ನಮ್ಮ ಹುಡುಗಿಗೇನು ಕೆಲಸ?" "ಸೋಪು ಮಾರೋರ ಸಂಘಕ್ಕೆ ಸೇರಿದ್ರೆ ಸಮುದಾಯಕ್ಕೇನು ಲಾಭ?" ಒಬ್ಬರಂತೂ "ಮೊದಲು ಮೀಸಲಾತಿ ಉಳಿಸ್ಕೊಳ್ಳೋಣ, ಶಾಂಪೂ ಆಮೇಲೆ" ಅಂತ ಬರೆದು ನಗೋ ಎಮೋಜಿ ಮೂರು ಹಾಕಿದ್ರು.

ಆ ಶಾಂಪೂ ಅನ್ನೋ ಮಾತು ನನ್ನನ್ನ 25 ವರ್ಷ ಹಿಂದಕ್ಕೆ ಎಳ್ಕೊಂಡು ಹೋಯ್ತು. ಈಗ ಹೇಳೋದನ್ನ ನಾನು ಈತನಕ ಯಾವ ವೇದಿಕೆ ಮೇಲೂ ಹೇಳಿಲ್ಲ.

2000ನೇ ಇಸವಿ. ಬಿಎ ಮುಗಿದಿತ್ತು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕೋದು, ಕಾಯೋದು, ಮತ್ತೆ ಹಾಕೋದು. ಆ ನಡುವೆ ಒಂದು ಸರ್ವೆ ಕಂಪನಿಯಲ್ಲಿ ಇನ್ವೆಸ್ಟಿಗೇಟರ್ ಕೆಲಸ ಸಿಕ್ತು. ಇನ್ವೆಸ್ಟಿಗೇಟರ್ ಅಂದ್ರೆ ಸಿಐಡಿ ಅಂದ್ಕೋಬೇಡಿ. ಹೆಗಲಿಗೊಂದು ಚೀಲ, ರಟ್ಟಿನ ಪ್ಯಾಡು, ಸೋಪು ಪೇಸ್ಟುಗಳ ಚಿತ್ರ ಇರೋ ಕಾರ್ಡುಗಳು. ತುಂಬಿಸಿ ಕೊಟ್ಟ ಒಂದು ಫಾರ್ಮಿಗೆ 15 ರೂಪಾಯಿ, ಬಸ್ ಚಾರ್ಜು ಬೇರೆ. ಕೋಲಾರ, ತುಮಕೂರು ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ವು.

ಒಂದು ಹಳ್ಳಿಗೆ ಹತ್ತು ಮನೆ. ಯಾವ ಮನೆ ಅಂತ ನಾವಾಗಿ ಆರಿಸೋ ಹಾಗಿಲ್ಲ. ಊರಿನ ಒಂದು ಗುರುತಿನ ಜಾಗದಿಂದ ಹೊರಟು, ಬಲಗೈ ಪಕ್ಕಕ್ಕೆ ಮನೆಗಳ ಗೋಡೆ ಇರೋ ಹಾಗೆ ನಡೀತಾ ಹೋಗಬೇಕು. ಒಂದು ಮನೆ ಮುಗಿದ ಮೇಲೆ ಇಂತಿಷ್ಟು ಮನೆ ಬಿಟ್ಟು ಮುಂದಿನದು. ಇದಕ್ಕೆ ಬಲಗೈ ರೂಲು ಅಂತಾರೆ. ಇನ್ವೆಸ್ಟಿಗೇಟರ್ ತನಗೆ ಬೇಕಾದ ಮನೆಗಳಿಗೆ ಮಾತ್ರ ಹೋಗಬಾರದು, ಪಕ್ಷಪಾತ ಬರಬಾರದು ಅಂತಲೇ ಮಾಡಿದ ರೂಲು. ಟ್ರೈನಿಂಗಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದಾಗ ನನಗೂ ಬಹಳ ನ್ಯಾಯವಾಗಿ ಕಂಡಿತ್ತು.

ಆದ್ರೆ ಆ ಗುರುತಿನ ಜಾಗ ಯಾವುದು? ನನಗೆ ಕೊಡ್ತಿದ್ದ ಚೀಟಿಯಲ್ಲಿ ಹೆಚ್ಚುಪಾಲು "ದೇವಸ್ಥಾನ" ಅಂತ ಇರ್ತಿತ್ತು. ಇಲ್ಲ ಅಂದ್ರೆ ಪಂಚಾಯ್ತಿ ಆಫೀಸು. ನಮ್ಮ ಹಳ್ಳಿಗಳು ಹೆಂಗಿವೆ ಅಂತ ಗೊತ್ತಿರೋ ನಿಮಗೆ ಇನ್ನು ಬಿಡಿಸಿ ಹೇಳಬೇಕಿಲ್ಲ. ದೇವಸ್ಥಾನದಿಂದ ಹೊರಟು ಗೋಡೆ ಹಿಡಿದು ನಡೆದ್ರೆ ಊರೊಳಗಿನ ಬೀದಿಗಳಲ್ಲೇ ಹತ್ತೂ ಫಾರ್ಮು ಮುಗಿದುಹೋಗ್ತವೆ. ಕೇರಿ ಆ ಗೋಡೆಗೆ ಅಂಟಿಕೊಂಡಿರಲ್ಲ. ನಡುವೆ ಒಂದು ಹೊಲವೋ, ಹಳ್ಳವೋ, ತಿಪ್ಪೆ ಸಾಲೋ ಇರುತ್ತೆ. ಬಲಗೈ ಅಲ್ಲಿಗೆ ತಲುಪಲ್ಲ. ಕೇರಿ ಬಿಟ್ಟುಬಿಡಿ ಅಂತ ಆ ಕಂಪನಿಯಲ್ಲಿ ಯಾರೂ ಬರೆದಿರಲಿಲ್ಲ, ಬರೆಯೋ ಅಗತ್ಯವೇ ಇರಲಿಲ್ಲ. ರೂಲು ಮಾಡಿದೋರ ತಲೆಯೊಳಗಿನ ಊರಿನಲ್ಲಿ ಒಂದೇ ಊರಿತ್ತು, ಎರಡು ಇರಲಿಲ್ಲ.

ಇನ್ನು ಮನೆಗಳಲ್ಲಿ. ನನ್ನ ಫಾರ್ಮಿನ ಮೊದಲನೇ ಪ್ರಶ್ನೆ ಮನೆಯ ಮುಖ್ಯ ದುಡಿಯುವವರ ಓದು ಎಷ್ಟು ಅಂತ. ಅವರು ನನಗೆ ಕೇಳ್ತಿದ್ದ ಮೊದಲನೇ ಪ್ರಶ್ನೆ "ಯಾವ್ ಜನ?" ನಾನು ಅಪ್ಪ ಇಟ್ಟ ಹೆಸರನ್ನಷ್ಟೇ ಹೇಳಿ "ಟೌನ್ ಕಡೆಯೋರು" ಅಂತ ನಗ್ತಿದ್ದೆ. ಕುಡಿಯೋಕೆ ನೀರು ಕೇಳ್ತಿರಲಿಲ್ಲ, ಬಾಟ್ಲಿ ತಗೊಂಡೇ ಹೋಗ್ತಿದ್ದೆ. ಜಗಲಿ ಬಿಟ್ಟು ಒಳಗೆ ಕಾಲಿಡ್ತಿರಲಿಲ್ಲ. ಮೂರು ತಿಂಗಳು ಹೀಗೇ ನಡೀತು.

ಒಂದು ದಿನ ನನ್ನ ಸೋದರತ್ತೆ ಇರೋ ಊರೇ ಬಂತು. ಸಣ್ಣ ಊರು. ರಾಗಿ ಕೊಯ್ಲಿನ ಕಾಲ, ಊರೊಳಗಿನ ಮನೆಗಳಿಗೆ ಬೀಗ. ಆರು ಫಾರ್ಮಿಗೇ ಬೀದಿಗಳು ಮುಗಿದು, ರೂಲಿನ ಪ್ರಕಾರ ಮುಂದಿನ ದಾರಿ ಕೇರಿ ಕಡೆಗೇ ಹೋಗ್ತಿತ್ತು. ಅವತ್ತು ಸೂಪರ್‌ವೈಸರ್ ಬೈಕಲ್ಲಿ ಚೆಕಿಂಗಿಗೆ ಬಂದಿದ್ರು. "ಅಲ್ಲಿಗ್ಯಾಕಪ್ಪ, ಅಲ್ಲಿ ಯಾರು ಶಾಂಪೂ ಹಾಕ್ತಾರೆ? ಟೈಮ್ ವೇಸ್ಟು. ಬೀಗ ತೆಗೆದಿರೋ ಮನೆ ನೋಡ್ಕೊಂಡು ಇಲ್ಲೇ ಮುಗಿಸು" ಅಂದ್ರು. ನಾನು ಅಲ್ಲೇ ಮುಗಿಸಿದೆ.

ಸಾಯಂಕಾಲ ಬಸ್ಸಿಗೆ ಕಾಯ್ತಾ ನಿಂತಿದ್ದಾಗ ಅತ್ತೆ ಕೂಲಿ ಮುಗಿಸಿ ಬಂದ್ಲು. "ಮನೆ ಮನೆಗೂ ಹೋಗಿ ಬರ್ಕೊಂಡ್ಯಂತೆ. ನಮ್ಮನೆ ಯಾಕಪ್ಪ ಬಿಟ್ಟೆ?" ಅಂದ್ಲು. ಲಿಸ್ಟಲ್ಲಿ ಬರಲಿಲ್ಲ ಅತ್ತೆ ಅಂದೆ. ಅದು ಸುಳ್ಳು. ಸೂಪರ್‌ವೈಸರ್ ಬೇಡ ಅಂದಿದ್ದು ನಿಜ, ಆದ್ರೆ ನನಗೆ ಆ ಬೇಡ ಅನ್ನೋ ಮಾತು ಬೇಕಾಗಿತ್ತು. ನಾನು ಕೇರಿಗೆ ಕಾಲಿಟ್ಟ ತಕ್ಷಣ ಯಾರಾದ್ರೂ "ಏನ್ ಅಳಿಯ, ಯಾವಾಗ ಬಂದೆ" ಅಂತ ಕೂಗಿಬಿಡ್ತಾರೆ, ಬೈಕ್ ಮೇಲಿರೋ ಮನುಷ್ಯನಿಗೆ ಎಲ್ಲಾ ಗೊತ್ತಾಗಿಬಿಡುತ್ತೆ ಅನ್ನೋ ಭಯ ನನ್ನ ಹೊಟ್ಟೆಯೊಳಗಿತ್ತು.

ಅತ್ತೆ ಮನೆ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಎಂಟಾಣೆ ಶಾಂಪೂ ಪ್ಯಾಕೆಟ್ಟಿನ ಸರ ಬಾಗಿಲಿಗೆ ತೋರಣ ಕಟ್ಟಿದ ಹಾಗೆ ನೇತಾಡ್ತಿತ್ತು. ಸಂತೆ ದಿನ ಕೂಲಿ ಬಟವಾಡೆ ಆದ ಸಂಜೆ ಆ ಸರ ಖಾಲಿ. ಬಾಟ್ಲಿ ಕೊಳ್ಳೋಕೆ ಆಗದವರಿಂದಲೇ ಈ ದೇಶದ ಶಾಂಪೂ ಪ್ಯಾಕೆಟ್ ವ್ಯಾಪಾರ ಬೆಳೆದದ್ದು. ಚಿಕ್ ಶಾಂಪೂ ಇರಬಹುದು, ಅದಕ್ಕೂ ಮುಂಚಿನ ವೆಲ್ವೆಟ್ ಇರಬಹುದು, ತಮಿಳುನಾಡಿನ ಹಳ್ಳಿಗಳಲ್ಲಿ ಆ ಪ್ಯಾಕೆಟ್ಟುಗಳನ್ನ ಹರಿದು ತಲೆಗೆ ಹಾಕಿದ್ದು ಕೂಲಿ ಮಾಡೋ ಕೈಗಳೂ ಹೌದು. ಆದ್ರೆ ನಾನು ತುಂಬಿಸಿದ ಫಾರ್ಮುಗಳ ಲೆಕ್ಕದಲ್ಲಿ ಆ ಊರಿನ ಕೇರಿ ಶಾಂಪೂ ಹಾಕಲೇ ಇಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ಆ ರೂಲುಗಳು ಎಲ್ಲಿ ತಯಾರಾಗ್ತವೆ ಅನ್ನೋದು ನಮಗೆ ಗೊತ್ತಿರಬೇಕು. ಸರ್ಕಾರ ಮಾಡಲ್ಲ, ಕೋರ್ಟು ಮಾಡಲ್ಲ. ಇಂಥ ವೃತ್ತಿ ಸಂಘಗಳಲ್ಲೇ ಮಾಡೋದು. 1988ರಲ್ಲಿ ಮಾರ್ಕೆಟ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ ಅನ್ನೋ ಸಂಘ ಭಾರತದ ಮನೆಗಳನ್ನ ದರ್ಜೆ ಮಾಡೋ ಒಂದು ಪಟ್ಟಿ ತಂತು. ಪಟ್ಟಣಗಳಿಗೆ ಎ1ರಿಂದ ಇ2ವರೆಗೆ, ಹಳ್ಳಿಗಳಿಗೆ ಆರ್1ರಿಂದ ಆರ್4. ಹಳ್ಳಿ ಮನೆಯ ದರ್ಜೆಗೆ ಎರಡೇ ಆಧಾರ: ಮುಖ್ಯ ದುಡಿಯುವವರ ಓದು, ಮತ್ತೆ ಮನೆ ಪಕ್ಕಾನೋ ಕಚ್ಚಾನೋ ಅನ್ನೋದು. ಗುಡಿಸಲು, ಓದಿಲ್ಲದ ಅಪ್ಪ, ಆಯ್ತು, ಆರ್4. ನಾನು ಸ್ವತಃ ಎಷ್ಟೋ ಮನೆಗೆ ಆ ನಾಲ್ಕು ಅಂಕಿ ಸುತ್ತಿದ್ದೀನಿ.

2011ರಲ್ಲಿ ಅದನ್ನ ಬದಲಾಯಿಸಿದ್ರು. ಹೊಸದರಲ್ಲಿ ಓದಿನ ಜೊತೆಗೆ 11 ವಸ್ತುಗಳಲ್ಲಿ ಮನೆಯಲ್ಲಿ ಎಷ್ಟಿವೆ ಅಂತ ಎಣಿಸೋದು. ಕರೆಂಟು, ಫ್ಯಾನು, ಗ್ಯಾಸ್ ಒಲೆ, ಟೂ ವೀಲರ್, ಕಲರ್ ಟಿವಿ, ಫ್ರಿಜ್ಜು, ವಾಷಿಂಗ್ ಮಷೀನು, ಕಂಪ್ಯೂಟರು, ಕಾರು, ಎಸಿ. ಹನ್ನೊಂದನೆಯದು ಏನು ಗೊತ್ತಾ? ಕೃಷಿ ಜಮೀನು. ಜಾತಿ ಅನ್ನೋ ಕಾಲಂ ಇಲ್ಲ, ಆದ್ರೆ ಜಮೀನು ಇದೆ. ನಮ್ಮ ರಾಜ್ಯದಲ್ಲಿ ಯಾರ ಹತ್ತಿರ ಜಮೀನಿದೆ, ಯಾರ ಹತ್ತಿರ ಇಲ್ಲ, ಯಾಕಿಲ್ಲ ಅಂತ ಮತ್ತೆ ಹೇಳಿ ನಿಮ್ಮ ಟೈಮ್ ತಗೊಳ್ಳಲ್ಲ. ಹಂಗೆ ಎ1ರಿಂದ ಇ3ವರೆಗೆ ಒಟ್ಟು 12 ದರ್ಜೆ. ಯಾವ ಕಾರ್ಯಕ್ರಮದಲ್ಲಿ ಯಾವ ಜಾಹೀರಾತು, ಯಾವ ಭಾಷೆಯಲ್ಲಿ, ಯಾರ ಮುಖ ಇಟ್ಕೊಂಡು ಅನ್ನೋದು ಇಂಥ ದರ್ಜೆ ನೋಡ್ಕೊಂಡೇ ತೀರ್ಮಾನ ಆಗುತ್ತೆ. ಜಾಹೀರಾತು ಬರದ ಕಡೆ ಪತ್ರಿಕೆ, ಚಾನೆಲ್ ಬದುಕಲ್ಲ. ನಮ್ಮ ಪತ್ರಿಕೆಗಳು ಯಾಕೆ ಒಂದೊಂದಾಗಿ ನಿಂತುಹೋದವು ಅಂತ ಪ್ರತಿ ವರ್ಷ ವಿಚಾರ ಸಂಕಿರಣ ಮಾಡ್ತೀವಲ್ಲ, ಅದರ ಒಂದು ಉತ್ತರ ಈ ಪಟ್ಟಿಯೊಳಗೂ ಇದೆ.

ಈಚೆಗೆ ಮತ್ತೆ ಬದಲಾಯಿಸಿ, ಮುಖ್ಯ ದುಡಿಯುವವರ ಕೆಲಸದ ಜೊತೆ ಮನೆಯಲ್ಲಿ ಅತಿ ಹೆಚ್ಚು ಓದಿದ ಗಂಡಸಿನ ಓದು, ಅತಿ ಹೆಚ್ಚು ಓದಿದ ಹೆಂಗಸಿನ ಓದು ಎರಡನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ. ಇದು ಸಣ್ಣ ಬದಲಾವಣೆ ಅಲ್ಲ. ಅಪ್ಪ ಅಮ್ಮ ಇಬ್ಬರೂ ಗಾರೆ ಕೆಲಸ, ಮಗಳು ಎಂಎ ಮಾಡ್ತಿರೋ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಆ ಮಗಳು ಇಷ್ಟು ವರ್ಷ ದರ್ಜೆ ಹಾಕುವಾಗ ಲೆಕ್ಕಕ್ಕೇ ಇರಲಿಲ್ಲ. ಈಗ ಇದ್ದಾಳೆ. ಬದಲಾಯಿಸಿದ್ದು ಯಾರು? ಆ ಕುರ್ಚಿಗಳಲ್ಲಿ ಕೂತು ವಾದ ಮಾಡಿದೋರು. ಹೊರಗೆ ನಿಂತು ನಾವು ಕೂಗಿದ ಯಾವ ಘೋಷಣೆಯಿಂದಲೂ ಅದು ಆಗಿದ್ದಲ್ಲ, ಯಾಕಂದ್ರೆ ಅಂಥದ್ದೊಂದು ಪಟ್ಟಿ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ನಾನು ಕ್ಲರ್ಕು. ಕಾಲಂ ಅಂದ್ರೆ ಏನು ಅಂತ ಆಫೀಸಲ್ಲಿ ದಿನಾ ನೋಡ್ತೀನಿ. ಫಾರ್ಮಲ್ಲಿ ಕಾಲಂ ಇಲ್ಲದ ಸಮಸ್ಯೆ ತಗೊಂಡು ಬಂದ ಮನುಷ್ಯ ಎಷ್ಟು ಅತ್ತರೂ ಅವನ ಹೆಸರಲ್ಲಿ ಫೈಲು ಓಪನ್ ಆಗಲ್ಲ. 2025ರಲ್ಲಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಬಂದಾಗ ನಾವೇ ಬಿಸಿಲಲ್ಲಿ ಕೇರಿ ಕೇರಿ ಸುತ್ತಿ "ಬರೀ ಎಕೆ ಎಡಿ ಅನ್ಬೇಡಿ, ಮೂಲ ಜಾತಿ ಬರೆಸಿ" ಅಂತ ಕೈ ಮುಗಿದ್ವಿ. ಆ ಎಣಿಕೆಗೆ ಅಷ್ಟು ಒದ್ದಾಡಿದ ನಾವು ಈ ಎಣಿಕೆ ಕಂಡ್ರೆ ಯಾಕೆ ನಗ್ತೀವಿ?

ಗ್ರೂಪಿನಲ್ಲಿ ಒಬ್ಬ ಹಿರಿಯರು ಬಾಬಾಸಾಹೇಬರನ್ನ ನೆನಪಿಸಿದ್ರು. 1938ರಲ್ಲಿ ಮನ್ಮಾಡದ ರೈಲ್ವೆ ಕಾರ್ಮಿಕರ ಸಮ್ಮೇಳನದಲ್ಲಿ ಅವರು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಮ್ಮ ಶತ್ರುಗಳು ಅಂದಿದ್ದು. ಸರಿ ಅಣ್ಣ, ಒಪ್ಪಿದೆ. ಆದ್ರೆ ಅದೇ ಬಾಬಾಸಾಹೇಬರು 1928ರ ಮುಂಬೈ ಗಿರಣಿ ಮುಷ್ಕರದ ಹೊತ್ತಿನಲ್ಲಿ ಹಿಡಿದ ಹಟವನ್ನೂ ನೆನಪಿಸ್ಕೊಳ್ಳಿ. ಗಿರಣಿಗಳ ನೇಯ್ಗೆ ವಿಭಾಗದಲ್ಲಿ ಸಂಬಳ ಜಾಸ್ತಿ. ಅಲ್ಲಿಗೆ ನಮ್ಮ ಜನರನ್ನ ಸೇರಿಸ್ತಿರಲಿಲ್ಲ. ನೂಲನ್ನ ಬಾಯಿಂದ ಎಳೀಬೇಕಾಗುತ್ತೆ, ಎಂಜಲು ತಗಲುತ್ತೆ ಅಂತ ಜೊತೆ ಕಾರ್ಮಿಕರೇ ಅಡ್ಡ ನಿಂತಿದ್ರು. ಮಾಲೀಕರು ಕೆಟ್ಟೋರು, ಅಂಥ ವಿಭಾಗ ನಮಗ್ಯಾಕೆ ಅಂತ ಬಾಬಾಸಾಹೇಬರು ಹೇಳಲಿಲ್ಲ. ಬೇಡಿಕೆ ಪಟ್ಟಿಯಲ್ಲಿ ಅದನ್ನೂ ಸೇರಿಸಿ ಅಂತ ಯೂನಿಯನ್ನಿನವರ ಮೇಲೆ ಒತ್ತಡ ಹಾಕಿದ್ರು.

ಇನ್ನೊಂದು ಸಂಗತಿ, ಅಷ್ಟಾಗಿ ನಮ್ಮ ಭಾಷಣಗಳಲ್ಲಿ ಬರಲ್ಲ. ಬರೋಡದಲ್ಲಿ ಅವಮಾನ ಉಂಡು ಮುಂಬೈಗೆ ವಾಪಸಾದ ಮೇಲೆ ಅವರು ಷೇರು ವ್ಯವಹಾರದೋರಿಗೆ ಸಲಹೆ ಕೊಡೋ ಒಂದು ಕಚೇರಿ ತೆಗೆದಿದ್ರು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿದ ಮನುಷ್ಯ! ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತು ಅದು ಮುಚ್ಚಿಹೋಯ್ತು. ಮಾರ್ಕೆಟ್ಟಿಗೆ ಜಾತಿ ಇಲ್ಲ, ದುಡ್ಡೊಂದೇ ಮುಖ್ಯ ಅನ್ನೋ ಎಂಬಿಎ ಮಾತನ್ನ ನಾನು ನಂಬಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ನಮ್ಮವರ ಮನೆಗಳಿಗೆ ಬೆಂಕಿ ಬಿತ್ತಲ್ಲ, ಕ್ಷೌರದಂಗಡಿಯಲ್ಲಿ ಹೋಟೆಲಿನಲ್ಲಿ ಸೇರಿಸದೆ ಇದ್ದದ್ದೂ ಅದರ ಹಿಂದಿತ್ತು. ಹತ್ತು ವರ್ಷ ಆದ ಮೇಲೆ 2024ರ ಅಕ್ಟೋಬರ್‌ನಲ್ಲಿ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಡ್ತು. ಅಲ್ಲಿ ನಮ್ಮ ಹುಡುಗರ ಕೈಯಲ್ಲಿ ದುಡ್ಡಿತ್ತು. ಕಟಿಂಗ್ ಮಾಡೋರು ಇರಲಿಲ್ಲ. ಯಾವ ಗ್ರಾಹಕ ಟ್ರೆಂಡಿನ ಫಾರ್ಮಲ್ಲಿ ಇದಕ್ಕೊಂದು ಪ್ರಶ್ನೆ ಇರುತ್ತೆ ಹೇಳಿ? "ಕಳೆದ ತಿಂಗಳು ನಿಮಗೆ ದುಡ್ಡಿದ್ದೂ ಕೊಡದೇ ಹೋದ ವಸ್ತು ಯಾವುದು, ಸೇವೆ ಯಾವುದು?" ಈ ಪ್ರಶ್ನೆ ಹುಟ್ಟೋದು ಅನುಭವಿಸಿದೋರ ತಲೆಯಲ್ಲಿ ಮಾತ್ರ.

2023ರ ಪರಿಸರ ದಿನಕ್ಕೆ ಜೊಮ್ಯಾಟೊ ಮಾಡಿದ ಜಾಹೀರಾತು ನೆನಪಿದೆಯಾ? ಲಗಾನ್ ಸಿನಿಮಾದ ಕಚ್ರಾ ಪಾತ್ರವನ್ನ ತಂದು, ಒಬ್ಬ ಮನುಷ್ಯನನ್ನ ಕಸದಿಂದ ಮರುಬಳಕೆ ಮಾಡಿದ ವಸ್ತುವಿನ ಥರ ತೋರಿಸಿದ್ರು. ಗಲಾಟೆ ಆದ ಮೇಲೆ ವಾಪಸ್ ತಗೊಂಡ್ರು. ಬರೆಯೋದು, ಒಪ್ಪಿಗೆ, ಶೂಟಿಂಗು, ಎಡಿಟಿಂಗು, ಎಷ್ಟು ಮೇಜು ದಾಟಿ ಬಂದಿರುತ್ತೆ ಅದು? ಯಾವ ಮೇಜಿನ ಮೇಲೂ ನಿಲ್ಲಲಿಲ್ಲ. ಜಾಹೀರಾತಿನೋರು ತಾವೇ ಮಾಡ್ಕೊಂಡಿರೋ ಸಂಹಿತೆಯಲ್ಲಿ ಜಾತಿ ಹಿಡಿದು ಹೀಯಾಳಿಸಬಾರದು ಅಂತ ಇದೆ. ಇದ್ದೇನು ಮಾಡೋದು, ಹೀಯಾಳಿಕೆ ಅಂತ ಕಾಣಿಸೋ ಕಣ್ಣು ಬೇಕಲ್ಲ.

ಅಮೆರಿಕದ ಕಪ್ಪು ಜನರಿಂದ ನಾವು ಪ್ಯಾಂಥರ್ ಅನ್ನೋ ಹೆಸರು ತಗೊಂಡ್ವಿ, ಸಿಟ್ಟು ತಗೊಂಡ್ವಿ. ಅವರ ಇನ್ನೊಂದು ಕೆಲಸ ನಮ್ಮ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ಕಂಪನಿಗಳಲ್ಲಿ ಮಾರಾಟ, ಪ್ರಚಾರದ ಕೆಲಸ ಮಾಡ್ತಿದ್ದ ಕಪ್ಪು ಜನ 1953ರಲ್ಲೇ ತಮ್ಮದೊಂದು ವೃತ್ತಿ ಸಂಘ ಕಟ್ಟಿದ್ರು, ನ್ಯಾಷನಲ್ ಅಸೋಸಿಯೇಷನ್ ಆಫ್ ಮಾರ್ಕೆಟ್ ಡೆವಲಪರ್ಸ್ ಅಂತ. ಅದನ್ನ ಕಟ್ಟಿದವರಲ್ಲಿ ಮಾಸ್ ಕೆಂಡ್ರಿಕ್ಸ್ ಒಬ್ಬರು. ಅಡುಗೆಯಾಕೆ, ಸಾಮಾನು ಹೊರೋನು ಅಂತಲೇ ಕಪ್ಪು ಮುಖಗಳನ್ನ ತೋರಿಸ್ತಿದ್ದ ಕಾಲದಲ್ಲಿ ಕೋಕಾ ಕೋಲಾದಂಥ ಕಂಪನಿ ಒಳಗೆ ಕೂತು, ಇವರೂ ಮರ್ಯಾದೆಯಿರೋ ಗ್ರಾಹಕರು, ಹಂಗೇ ತೋರಿಸಿ ಅಂತ ವಾದ ಮಾಡಿದ ಮನುಷ್ಯ. ಇದಾಗಿ ಎರಡೇ ವರ್ಷಕ್ಕೆ ಮಾಂಟ್ಗೊಮರಿಯಲ್ಲಿ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಎರಡಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಆದ್ರೆ ನಾವು ಟಿಕೆಟ್ ತಗೊಳ್ಳದಿದ್ರೆ ಬಸ್ ಕಂಪನಿ ಗತಿ ಏನು ಅನ್ನೋ ಲೆಕ್ಕ ಆ ಜನರಿಗೆ ಗೊತ್ತಿತ್ತು. ನಮ್ಮ ಲೆಕ್ಕ ನಮಗೆ ಗೊತ್ತಾ? ದೀಕ್ಷಾಭೂಮಿಯಲ್ಲಿ ಎರಡು ದಿನದಲ್ಲಿ ಎಷ್ಟು ಪುಸ್ತಕ ಮಾರಾಟ ಆಗುತ್ತೆ ಅಂತ ಹೋಗಿ ನೋಡಿದೋರಿಗೆ ಗೊತ್ತು. ಏಪ್ರಿಲ್ 14ಕ್ಕೆ ನೀಲಿ ಬಟ್ಟೆ, ಬ್ಯಾನರು, ಲಾಡು, ಸೌಂಡ್ ಸಿಸ್ಟಮ್ ಅಂತ ನಮ್ಮ ತಾಲ್ಲೂಕೊಂದರಲ್ಲೇ ಎಷ್ಟು ದುಡ್ಡು ಓಡಾಡುತ್ತೆ, ಆ ದುಡ್ಡಲ್ಲಿ ನಮ್ಮ ಜನರ ಅಂಗಡಿಗೆ ಎಷ್ಟು ಬರುತ್ತೆ? ಈ ಸಲ ನಾನೇ ಒಂದು ನೋಟ್‌ಬುಕ್ ಇಡೋಣ ಅಂತಿದ್ದೀನಿ.

ನನಗೆ ಅನುಮಾನಗಳಿಲ್ಲ ಅಂತಲ್ಲ. ಅವಳನ್ನ ಮುಂದಿನ ಸಾಲಲ್ಲಿ ಕೂರಿಸಿ ಫೋಟೊ ತೆಗೆದು, ನೋಡಿ ನಮ್ಮಲ್ಲೂ ಇದ್ದಾರೆ ಅಂತ ತೋರಿಸ್ಕೊಂಡು ಸುಮ್ಮನಾಗಬಹುದು. ಒಬ್ಬಳ ಮಾತಿಗೆ ಅಲ್ಲಿ ಬೆಲೆ ಸಿಗದೆ ಹೋಗಬಹುದು. ಇದಕ್ಕಿಂತ ದೊಡ್ಡ ಆಕ್ಷೇಪ ಅವಳ ಅಪ್ಪ ಎತ್ತಿದ್ದು: "ಲೆಕ್ಕಕ್ಕೆ ಸಿಗದೆ ಇರೋದೇ ವಾಸಿ ಕಣಯ್ಯ. ಲೆಕ್ಕ ಸಿಕ್ಕ ತಕ್ಷಣ ಮಾರೋಕೆ ಬರ್ತಾರೆ." ಈ ಮಾತು ನನ್ನನ್ನ ಎರಡು ರಾತ್ರಿ ಕಾಡ್ತು. ಆಮೇಲೆ ಮೈಕ್ರೋ ಫೈನಾನ್ಸಿನೋರು ನೆನಪಾದ್ರು. ಅವರಿಗೆ ಬಲಗೈ ರೂಲೂ ಬೇಕಿಲ್ಲ, ದೇವಸ್ಥಾನವೂ ಬೇಕಿಲ್ಲ. ಸೀದಾ ಕೇರಿಗೇ ಬರ್ತಾರೆ. ಯಾವ ಹೆಂಗಸು ಯಾವ ಸಂಘದಲ್ಲಿದ್ದಾಳೆ, ಯಾವ ವಾರ ಅವಳ ಕೈಯಲ್ಲಿ ಕಾಸಿರುತ್ತೆ ಅಂತ ಪೂರ್ತಿ ಗೊತ್ತು. ಕಿರುಕುಳಕ್ಕೆ ಊರು ಬಿಟ್ಟು ಹೋದ ಕುಟುಂಬಗಳನ್ನ ನೋಡಿ 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಅಂದ್ರೆ ನಮ್ಮ ಲೆಕ್ಕ ಆಗಲೇ ಯಾರದ್ದೋ ಕೈಯಲ್ಲಿದೆ ಅಣ್ಣ. ನಮ್ಮ ಕೈಯಲ್ಲಿ ಮಾತ್ರ ಇಲ್ಲ.

ಬುಧವಾರ ರಾತ್ರಿ ಫೋನ್ ಮಾಡಿ "ಸೇರ್ಕೊ ಕಣವ್ವ" ಅಂದೆ. ಜೊತೆಗೆ ಅತ್ತೆ ಕತೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಪ್ಪ, ಈಗಲೂ ಹಳ್ಳಿ ಸ್ಯಾಂಪಲ್ ತೆಗೆಯುವಾಗ ಎಲ್ಲಿಂದ ಶುರು ಮಾಡ್ತಾರೆ ಅಂತ ನಾನು ನಾಳೆ ಫೀಲ್ಡ್ ಟೀಮಿನೋರನ್ನ ಕೇಳ್ತೀನಿ" ಅಂದ್ಲು. ಅತ್ತೆ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಅವತ್ತು ಹೇಳಿದ ಸುಳ್ಳನ್ನ ಅವಳ ಹತ್ತಿರ ಒಪ್ಪಿಕೊಳ್ಳೋಕೆ ನನಗೆ ಆಗಲೇ ಇಲ್ಲ.

ಫೀಸಿಗೆ ನಾವು ನಾಲ್ಕು ಜನ ಸೇರಿದ್ದೀವಿ. ಅವಳಪ್ಪನೂ ಮುಖ ಊದಿಸ್ಕೊಂಡೇ 500 ರೂಪಾಯಿ ಕಳಿಸಿದ್ದಾರೆ. ಇನ್ನು ಬೇಕಾಗಿರೋದು ಎರಡು ಸಹಿ. ಈ ಲಿಸ್ಟಲ್ಲಿರೋ ನಿಮ್ಮಲ್ಲಿ ಯಾರಾದ್ರೂ ಜಾಹೀರಾತು, ಮಾರ್ಕೆಟಿಂಗ್, ಸರ್ವೆ ಕೆಲಸದಲ್ಲಿದ್ದು ಅಂಥ ಸಂಘಗಳ ಮೆಂಬರ್ ಆಗಿದ್ರೆ, ಇಲ್ಲವೇ ಹಾಗಿರೋ ಒಳ್ಳೆಯ ಮನುಷ್ಯರು ಗೊತ್ತಿದ್ರೆ ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ಕಾಮೆಂಟಲ್ಲಿ ಹೆಸರು ಹಾಕಬೇಡಿ, ನಿಮ್ಮ ಆಫೀಸಲ್ಲಿ ನಿಮ್ಮ ಜಾತಿ ಇನ್ನೂ ಗೊತ್ತಾಗಿಲ್ಲದೆ ಇರಬಹುದು. ಅರ್ಜಿ ಕೊಡೋಕೆ ಈ ತಿಂಗಳ 30 ಕೊನೇ ದಿನ.